ಹಳತೂ ಅಲ್ಲ, ಹೊಸತೂ ಅಲ್ಲ: ಅಹಮದಾಬಾದಿನ ಆಧುನಿಕ ಕಟ್ಟಡಗಳು

ಅಹಮದಾಬಾದಿನಲ್ಲಿ ಕಾಪಾಡಬೇಕಾದ ಕಟ್ಟಡಗಳು ಎರಡು ಬಗೆಯವು. ಮೊದಲನೆಯವು ಸಾಬರಮತಿ ನದಿಯ ಪೂರ್ವ ದಂಡೆಯಲ್ಲಿ, ಹಳೆಯ ಕೋಟೆಯೊಳಗಿನ ಊರಿನಲ್ಲಿವೆ. ಮರದ ಕೆತ್ತನೆಯ ಮನೆಗಳು, ಪೋಳ್ ಎಂದು ಕರೆಯುವ ಇಕ್ಕಟ್ಟಾದ ಕೇರಿಗಳು, ಸುಲ್ತಾನರ ಕಾಲದ ಮಸೀದಿಗಳು. ಆ ಊರಿಗೆ ಸುಮಾರು 600 ವರ್ಷ. 2017ರ ಜುಲೈನಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದ ನಗರವೊಂದಕ್ಕೆ ಆ ಮನ್ನಣೆ ಸಿಕ್ಕಿದ್ದು ಅದೇ ಮೊದಲು.

ಎರಡನೆಯ ಬಗೆಯವು ಹೆಚ್ಚಾಗಿ ಪಶ್ಚಿಮ ದಂಡೆಯಲ್ಲಿವೆ. ಸ್ವಾತಂತ್ರ್ಯ ಬಂದ ಮೇಲಿನ ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ಎದ್ದವು. ಕಾಂಕ್ರೀಟು ಮತ್ತು ಇಟ್ಟಿಗೆ, ಅಷ್ಟೇ. ಕೆತ್ತನೆ ಇಲ್ಲ. ಗೋಪುರ ಇಲ್ಲ. ಬಹಳಷ್ಟು ಗೋಡೆಗಳಿಗೆ ಗಾರೆಯೂ ಇಲ್ಲ, ಬಣ್ಣವೂ ಇಲ್ಲ. ಪ್ರವಾಸಿಗರ ಬಸ್ಸು ಇವುಗಳ ಮುಂದೆ ನಿಲ್ಲುವುದು ಅಪರೂಪ. ಆದರೆ ದೂರದೇಶದ ವಾಸ್ತುಶಿಲ್ಪ ಶಾಲೆಗಳಲ್ಲಿ ಅಹಮದಾಬಾದಿನ ಹೆಸರು ಕೇಳಿಬರುವುದು ಬಹುಮಟ್ಟಿಗೆ ಇವುಗಳಿಂದಲೇ. ಈ ಭಾಷಣದ ವಿಷಯ ಈ ಎರಡನೆಯ ಬಗೆಯ ಕಟ್ಟಡಗಳು: ಅವು ಹೇಗೆ ಬಂದವು, ಈಗ ಏಕೆ ಅಪಾಯದಲ್ಲಿವೆ, ಉಳಿಸುವ ಕೆಲಸ ಎಲ್ಲಿ ಕೈಗೂಡಿದೆ, ಎಲ್ಲಿ ಕೈತಪ್ಪಿದೆ.

ಮೊದಲು, ಇವು ಬಂದ ಬಗೆ. ಅಹಮದಾಬಾದು ಬಟ್ಟೆ ಗಿರಣಿಗಳ ಊರು. ಗಿರಣಿ ನಡೆಸುತ್ತಿದ್ದ ಮನೆತನಗಳ ಕೈಯಲ್ಲಿ ಹಣವಿತ್ತು. ಸ್ವಾತಂತ್ರ್ಯದ ಹೊಸ ಉತ್ಸಾಹವೂ ಇತ್ತು. ಕಸ್ತೂರಭಾಯಿ ಲಾಲಭಾಯಿ, ಸಾರಾಭಾಯಿ ಕುಟುಂಬ, ಹಠೀಸಿಂಗ್ ಕುಟುಂಬ, ಇವರೆಲ್ಲ ಊರಿಗೆ ಸಂಶೋಧನಾಲಯ, ವಸ್ತುಸಂಗ್ರಹಾಲಯ, ವಿದ್ಯಾಸಂಸ್ಥೆ ಬೇಕೆಂದು ಬಯಸಿದರು. ಅವನ್ನು ಅರಮನೆಯ ಮಾದರಿಯಲ್ಲೋ ಇಂಗ್ಲಿಷರ ಕಚೇರಿಗಳ ಮಾದರಿಯಲ್ಲೋ ಕಟ್ಟಿಸಲು ಅವರಿಗೆ ಮನಸ್ಸಿರಲಿಲ್ಲ. ಹಾರ್ವರ್ಡಿನಲ್ಲಿ ಓದಿ ಬಂದಿದ್ದ ಅಚ್ಯುತ ಕಾನವಿಂದೆ ಅವರಿಗೆ ಬಟ್ಟೆ ಸಂಶೋಧನಾ ಸಂಸ್ಥೆಯ ಕಟ್ಟಡ ಒಪ್ಪಿಸಲಾಯಿತು. 1951ರಲ್ಲಿ ಫ್ರಾನ್ಸಿನ ಲೆ ಕಾರ್ಬೂಸಿಯೆ ಚಂಡೀಗಢದ ಕೆಲಸಕ್ಕೆಂದು ಭಾರತಕ್ಕೆ ಬಂದಾಗ, ಅಹಮದಾಬಾದಿನವರು ಅವರನ್ನು ತಮ್ಮೂರಿಗೂ ಕರೆಸಿಕೊಂಡರು. ಅವರು ಇಲ್ಲಿ ನಾಲ್ಕು ಕಟ್ಟಡ ಕಟ್ಟಿದರು. ಎರಡು ಮನೆಗಳು, ಒಂದು ವಸ್ತುಸಂಗ್ರಹಾಲಯ, ಇನ್ನೊಂದು ಗಿರಣಿ ಮಾಲೀಕರ ಸಂಘದ ಕಚೇರಿ. ಪ್ಯಾರಿಸಿನ ಅವರ ಕಚೇರಿಯಲ್ಲಿ ದುಡಿಯುತ್ತಿದ್ದ ತರುಣ ಬಾಲಕೃಷ್ಣ ದೋಶಿ ಈ ಕೆಲಸಗಳ ಉಸ್ತುವಾರಿಗೆ ಬಂದರು. ಬಂದವರು ಇಲ್ಲೇ ನೆಲೆಸಿದರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಭಾರತೀಯ ನಿರ್ವಹಣಾ ಸಂಸ್ಥೆಯ ಕಲ್ಲಿನ ಕಟ್ಟಡಗಳನ್ನು ಬಲ್ಲ ಕೇಳುಗರಿಗೆ ದೋಶಿಯವರ ಕೆಲಸದ ಪರಿಚಯ ಆಗಲೇ ಇದೆ. ಅದು ಅವರದೇ ವಿನ್ಯಾಸ. 2018ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಭಾರತದವರೊಬ್ಬರಿಗೆ ಅದು ಬಂದದ್ದು ಮೊದಲ ಸಲ.

ಹೀಗೆ ಗಿರಣಿಯ ಹಣ, ಹೊಸ ದೇಶದ ಉತ್ಸಾಹ, ಹೊರಗಿನಿಂದ ಬಂದ ಒಬ್ಬಿಬ್ಬರು ಹಿರಿಯರು, ಅವರ ಜೊತೆ ಕೆಲಸ ಕಲಿತ ಇಲ್ಲಿಯ ತರುಣರು ಒಂದೆಡೆ ಕೂಡಿಬಂದರು. ಮುಂದೆ ಮುಂಬಯಿಯ ಚಾರ್ಲ್ಸ್ ಕೊರಿಯಾ, ಅಮೆರಿಕದ ಲೂಯಿ ಕಾನ್ ಕೂಡ ಈ ಊರಿನಲ್ಲಿ ಕಟ್ಟಿದರು. ಈಗ ಇವುಗಳಲ್ಲಿ ಕೆಲವನ್ನು ಹತ್ತಿರದಿಂದ ನೋಡಬಹುದು. ಬಾನುಲಿಯಲ್ಲಿ ಚಿತ್ರ ತೋರಿಸಲಾಗದು. ಕೇಳುಗರು ಮನಸ್ಸಿನಲ್ಲೇ ಬರೆದುಕೊಳ್ಳಬೇಕು.

ಆಶ್ರಮ ರಸ್ತೆಯಲ್ಲಿ ಗಿರಣಿ ಮಾಲೀಕರ ಸಂಘದ ಕಟ್ಟಡವಿದೆ. ಮುಗಿದದ್ದು 1954ರಲ್ಲಿ. ರಸ್ತೆಯಿಂದ ಉದ್ದನೆಯ ಇಳಿಜಾರು ದಾರಿಯೊಂದು ನೇರವಾಗಿ ಮೇಲಿನ ಮಹಡಿಗೆ ಏರುತ್ತದೆ. ಎದುರಿಗೆ ಗೋಡೆಯೇ ಇಲ್ಲ. ಆಳವಾದ ಕಾಂಕ್ರೀಟು ಹಲಗೆಗಳು ಓರೆಯಾಗಿ, ಸಾಲಾಗಿ ನಿಂತಿವೆ. ಅದು ಪಡುವಣ ದಿಕ್ಕು. ಸಂಜೆಯ ಬಿಸಿಲು ಒಳಕ್ಕೆ ನುಗ್ಗಬಾರದು, ಗಾಳಿ ಮಾತ್ರ ಬರಬೇಕು. ಅದಕ್ಕೇ ಆ ಓರೆ. ಹಿಂಬದಿ ಮೂಡಣ ದಿಕ್ಕಿಗಿದೆ, ನದಿಯ ಕಡೆಗೆ. ಅಲ್ಲಿ ಹಲಗೆಗಳು ನೇರವಾಗಿವೆ. ಕಟ್ಟಿದ ಕಾಲದಲ್ಲಿ ಅಲ್ಲಿ ನಿಂತರೆ ಸಾಬರಮತಿಯ ಮರಳ ಮೇಲೆ ಬಟ್ಟೆ ಒಗೆದು, ಬಣ್ಣ ಹಾಕಿ, ಹರವುತ್ತಿದ್ದವರು ಕಾಣುತ್ತಿದ್ದರು. ಬಟ್ಟೆಯಿಂದ ಬದುಕುವ ಸಂಘಕ್ಕೆ ಅದು ತಕ್ಕ ನೋಟ. ಈಗ ಅಲ್ಲಿ ಕಾಣುವುದು ನದಿದಂಡೆಯ ಎತ್ತರದ ಕಾಂಕ್ರೀಟು ಕಟ್ಟೆ ಮತ್ತು ವಾಯುವಿಹಾರದ ದಾರಿ.

ವಸ್ತುಸಂಗ್ರಹಾಲಯದ ಹೆಸರು ಸಂಸ್ಕಾರ ಕೇಂದ್ರ. ಪಾಲ್ಡಿ ಬಡಾವಣೆಯಲ್ಲಿದೆ. ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ, ಕಿಟಕಿಯೇ ಕಾಣದ, ಇಟ್ಟಿಗೆಯ ಚೌಕ. ಒಂದೊಂದು ಬದಿಯೂ ಸುಮಾರು 50 ಮೀಟರು. ಕಂಬಗಳ ನಡುವಿನ ನೆರಳಿನಲ್ಲಿ ನಡೆದುಹೋದರೆ ನಡುವೆ ಅಂಗಳ. ಅಲ್ಲಿಂದ ಇಳಿಜಾರು ದಾರಿ ಹತ್ತಿ ಒಳಗೆ ಹೋಗಬೇಕು. ತಾರಸಿಯ ಮೇಲೆ ನೀರಿನ ತೊಟ್ಟಿಗಳಿಟ್ಟು ಕಟ್ಟಡವನ್ನು ತಂಪಾಗಿಡುವುದು ವಿನ್ಯಾಸದ ಒಂದು ಭಾಗವಾಗಿತ್ತು. ಪಕ್ಕದಲ್ಲೇ ದೋಶಿಯವರ ಟ್ಯಾಗೋರ್ ಸಭಾಂಗಣ.

ನವರಂಗಪುರದ ಸರ್ದಾರ್ ವಲ್ಲಭಭಾಯಿ ಪಟೇಲ್ ಕ್ರೀಡಾಂಗಣ ಕ್ರಿಕೆಟ್ ಬಲ್ಲವರಿಗೆ ಗೊತ್ತಿರಬೇಕು. ಮೊಟೇರಾದಲ್ಲಿರುವ ದೊಡ್ಡ ಕ್ರೀಡಾಂಗಣ ಬೇರೆ. ಇದು ಅದಕ್ಕಿಂತ ಹಳೆಯದು. 1981ರ ನವೆಂಬರಿನಲ್ಲಿ ಭಾರತದ ನೆಲದ ಮೊದಲ ಒಂದು ದಿನದ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು ಇಲ್ಲಿ, ಇಂಗ್ಲೆಂಡಿನ ಎದುರು. ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದರು. ಲೆಕ್ಕ ಹಾಕಿ ನಿಲ್ಲಿಸಿದವರು ಎಂಜಿನಿಯರ್ ಮಹೇಂದ್ರ ರಾಜ್. ತೆಳ್ಳನೆಯ ಕಾಗದ ನೆಟ್ಟಗೆ ನಿಲ್ಲುವುದಿಲ್ಲ. ಅದನ್ನೇ ಬೀಸಣಿಗೆಯ ಹಾಗೆ ನೆರಿಗೆ ನೆರಿಗೆಯಾಗಿ ಮಡಿಸಿದರೆ ನಿಲ್ಲುತ್ತದೆ. ಇಲ್ಲಿ ಕಾಂಕ್ರೀಟನ್ನು ಹಾಗೆ ಮಡಿಸಲಾಗಿದೆ. ನೆರಿಗೆಯ ಚಾವಣಿ ಹಿಂದಿನಿಂದ ಸುಮಾರು 20 ಮೀಟರು ಮುಂದಕ್ಕೆ ಚಾಚಿಕೊಂಡಿದೆ. ಮುಂದುಗಡೆ ಒಂದೇ ಒಂದು ಕಂಬವಿಲ್ಲ. ಆಟ ನೋಡುವವರ ಕಣ್ಣಿಗೆ ಏನೂ ಅಡ್ಡ ಬರುವುದಿಲ್ಲ.

ಕೊನೆಯದಾಗಿ ಭಾರತೀಯ ನಿರ್ವಹಣಾ ಸಂಸ್ಥೆ. ಐಐಎಂ ಎಂದರೆ ಎಲ್ಲರಿಗೂ ತಿಳಿಯುತ್ತದೆ. 1961ರಲ್ಲಿ ಸಂಸ್ಥೆ ಹುಟ್ಟಿತು. ವಿಕ್ರಮ್ ಸಾರಾಭಾಯಿ ಮತ್ತು ಕಸ್ತೂರಭಾಯಿ ಅದರ ಹಿಂದೆ ನಿಂತರು. ಲೂಯಿ ಕಾನ್ ಅವರನ್ನು ಕರೆಸಲು ಸೂಚಿಸಿದವರು ದೋಶಿ. ಇಲ್ಲಿಯ ಇಟ್ಟಿಗೆಯ ಗೋಡೆಗಳಲ್ಲಿ ಮನುಷ್ಯನಿಗಿಂತ ಎಷ್ಟೋ ಪಟ್ಟು ಎತ್ತರದ ದುಂಡನೆಯ ತೆರಪುಗಳಿವೆ, ಅಗಲವಾದ ಕಮಾನುಗಳಿವೆ. ಕಮಾನಿನ ಕಾಲುಗಳು ಹೊರಕ್ಕೆ ಒದೆಯದಂತೆ ಅಡ್ಡಲಾಗಿ ಕಾಂಕ್ರೀಟಿನ ತೊಲೆ ಬಿಗಿದಿದ್ದಾರೆ. ತರಗತಿಗಳು, ಗ್ರಂಥಾಲಯ, ನಡುವೆ ವಿಶಾಲವಾದ ಅಂಗಳ, ಆಚೆಗೆ 18 ವಸತಿ ನಿಲಯಗಳು. 1974ರ ಮಾರ್ಚಿನಲ್ಲಿ ಅಹಮದಾಬಾದಿನಿಂದ ಮರಳುವಾಗ ಕಾನ್ ನ್ಯೂಯಾರ್ಕಿನ ರೈಲು ನಿಲ್ದಾಣವೊಂದರಲ್ಲಿ ತೀರಿಕೊಂಡರು. ಉಳಿದ ಕೆಲಸವನ್ನು ಅನಂತ ರಾಜೆ ಮುಂದುವರಿಸಿದರು.

ಇಲ್ಲಿಯವರೆಗೆ ಹೇಳಿದ್ದು ಕಟ್ಟಡಗಳು ಬಂದ ಕಥೆ. ಇನ್ನು ಅಪಾಯದ ಮಾತು. ಮೊದಲನೆಯದು ವಯಸ್ಸಿನ ತೊಡಕು.

ದೇಶದ ಪ್ರಾಚೀನ ಸ್ಮಾರಕಗಳನ್ನು ಕಾಯುವ ಕಾನೂನು 1958ರದು. ಅದರ ಪ್ರಕಾರ ಸ್ಮಾರಕ ಎನಿಸಿಕೊಳ್ಳಲು ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ಗಿರಣಿ ಮಾಲೀಕರ ಸಂಘದ ಕಟ್ಟಡ ಆ ವಯಸ್ಸು ಮುಟ್ಟುವುದು 2054ರಲ್ಲಿ. ಕ್ರೀಡಾಂಗಣದ ಸರದಿ ಅದಕ್ಕೂ ಹತ್ತಾರು ವರ್ಷ ಆಮೇಲೆ. ಹಾಗಾಗಿ ಈ ಕಾನೂನಿನಿಂದ ಇವಕ್ಕೆ ರಕ್ಷಣೆ ಇಲ್ಲ. ನಗರಪಾಲಿಕೆಗಳು ತಮ್ಮ ಮಟ್ಟದಲ್ಲಿ ಪರಂಪರೆಯ ಪಟ್ಟಿ ಮಾಡಬಹುದು. ಆದರೆ ಪಟ್ಟಿ ಮಾಡುವವರ ಕಣ್ಣು ಸಹಜವಾಗಿ ಹಳೆಯದರ ಮೇಲೆ ಬೀಳುತ್ತದೆ. ಯುನೆಸ್ಕೊ ಕೂಡ 2016ರಲ್ಲಿ ಲೆ ಕಾರ್ಬೂಸಿಯೆ ಅವರ ಕೃತಿಗಳನ್ನು ಏಳು ದೇಶಗಳಿಂದ ಆರಿಸಿ ಪಟ್ಟಿಗೆ ಸೇರಿಸಿತು. ಭಾರತದಿಂದ ಹೋದದ್ದು ಚಂಡೀಗಢದ ಆಡಳಿತ ಸಮುಚ್ಚಯ ಮಾತ್ರ. ಅಹಮದಾಬಾದಿನ ನಾಲ್ಕೂ ಹೊರಗುಳಿದವು.

ವಯಸ್ಸಿನ ನಿಯಮ ಏನು ಮಾಡಬಲ್ಲದು ಎಂಬುದಕ್ಕೆ ದೆಹಲಿಯ ಉದಾಹರಣೆ ಇದೆ. ಪ್ರಗತಿ ಮೈದಾನದಲ್ಲಿ 1972ರಲ್ಲಿ ಹಾಲ್ ಆಫ್ ನೇಷನ್ಸ್ ಎಂಬ ವಸ್ತುಪ್ರದರ್ಶನ ಭವನ ಕಟ್ಟಲಾಯಿತು. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ. ವಾಸ್ತುಶಿಲ್ಪಿ ರಾಜ್ ರೇವಾಲ್. ಎಂಜಿನಿಯರ್ ಅದೇ ಮಹೇಂದ್ರ ರಾಜ್. ತ್ರಿಕೋನಗಳನ್ನು ಹೆಣೆದು ಮಾಡಿದ ಭಾರಿ ಚೌಕಟ್ಟು, ಒಳಗೆ ಕಂಬವಿಲ್ಲದ 70 ಮೀಟರಿಗೂ ಮಿಕ್ಕ ಅಗಲದ ಜಾಗ. ಬೇರೆ ದೇಶಗಳಲ್ಲಿ ಇಂಥದ್ದನ್ನು ಉಕ್ಕಿನಲ್ಲಿ ಮಾಡುತ್ತಿದ್ದರು. ಇಲ್ಲಿ ಅಷ್ಟು ಉಕ್ಕು ಸಿಗುತ್ತಿರಲಿಲ್ಲ. ಕೂಲಿಯವರು ಕಾಂಕ್ರೀಟನ್ನು ಹೊತ್ತು ಸುರಿದು ಕೈಯಿಂದಲೇ ಅಷ್ಟನ್ನೂ ನಿಲ್ಲಿಸಿದರು. ಪರಂಪರೆಯ ರಕ್ಷಣೆಗೆ ದುಡಿಯುವ ಇಂಟಾಕ್ ಸಂಸ್ಥೆಯ ದೆಹಲಿ ಶಾಖೆ 2013ರಲ್ಲಿ ಸ್ವಾತಂತ್ರ್ಯಾನಂತರದ 60ಕ್ಕೂ ಹೆಚ್ಚು ಕಟ್ಟಡಗಳ ಪಟ್ಟಿ ಕೊಟ್ಟು, ಇವನ್ನು ಪರಂಪರೆಯೆಂದು ಪರಿಗಣಿಸಿ ಎಂದು ಕೇಳಿತ್ತು. 2017ರ ಆರಂಭದಲ್ಲಿ ಅಲ್ಲಿನ ಪರಂಪರೆ ಸಮಿತಿ 60 ವರ್ಷ ತುಂಬದ ಕಟ್ಟಡಗಳನ್ನು ಪರಿಗಣಿಸುವುದಿಲ್ಲ ಎಂದು ತೀರ್ಮಾನಿಸಿತು. ಭವನಕ್ಕೆ ಆಗ ಆಗಿದ್ದದ್ದು 45 ವರ್ಷ. ಭವನವನ್ನು ಕೆಡವದಂತೆ ಕೋರಿದ್ದ ಅರ್ಜಿಯನ್ನು ಏಪ್ರಿಲ್ 20ರಂದು ಹೈಕೋರ್ಟು ತಳ್ಳಿಹಾಕಿತು. ಮೂರು ದಿನ ಕಳೆದು, ರಾತ್ರೋರಾತ್ರಿ, ಯಂತ್ರಗಳು ಬಂದವು. ಬೆಳಗಾಗುವಷ್ಟರಲ್ಲಿ ಭವನ ಇರಲಿಲ್ಲ. ಅದಾದ ಮೂರನೆಯ ತಿಂಗಳಿಗೆ ಅಹಮದಾಬಾದಿನ ಕೋಟೆ ನಗರಕ್ಕೆ ವಿಶ್ವಮನ್ನಣೆ ಬಂತು. ಒಂದೇ ವರ್ಷದಲ್ಲಿ ದೇಶ ಹಳೆಯದಕ್ಕೆ ಸಂಭ್ರಮಪಟ್ಟಿತು, ಇತ್ತೀಚಿನದನ್ನು ಕೆಡವಿತು. ಇದನ್ನು ಕಾಕತಾಳೀಯ ಎಂದು ಬಿಟ್ಟುಬಿಡುವುದು ಕಷ್ಟ.

ವಯಸ್ಸಿನ ತೊಡಕು ಹೀಗೆ. ಕಾನೂನಿನ ಕಣ್ಣಿಗೆ ಇವು ಎಳೆಯವು. ಮಾಲೀಕನ ಕಣ್ಣಿಗೆ ಮಾತ್ರ ಹಳೆಯವು. ಎರಡನೆಯ ಅಪಾಯ ಕಟ್ಟಡದ ಮೈಯೊಳಗೇ ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಳಿಸಲೇಬೇಕು, ಕೆಡವಲೇಬೇಕು ಎಂದು ಹಠಕ್ಕೆ ಬಿದ್ದವರು ಎರಡೂ ಕಡೆ ಈ ವಿಷಯವನ್ನು ಮರೆಯುತ್ತಾರೆ.

ಕಾಂಕ್ರೀಟಿನೊಳಗೆ ಕಬ್ಬಿಣದ ಕಂಬಿಗಳಿರುತ್ತವೆ. ಹೊಸ ಕಾಂಕ್ರೀಟಿಗೆ ಸುಣ್ಣದಂಥ ಕ್ಷಾರಗುಣವಿರುತ್ತದೆ. ಅದು ಕಂಬಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಹೊರಮೈಯಿಂದ ಒಳಕ್ಕೆ ನಿಧಾನವಾಗಿ ಇಳಿಯುತ್ತದೆ. ಇಳಿದಷ್ಟು ಆಳಕ್ಕೆ ಆ ಕ್ಷಾರಗುಣ ಹೋಗಿಬಿಡುತ್ತದೆ. ಅದು ಕಂಬಿಯವರೆಗೆ ತಲುಪಿದ ದಿನ ಕಾವಲು ತಪ್ಪುತ್ತದೆ. ಆಮೇಲೆ ಸ್ವಲ್ಪ ತೇವ ಸಿಕ್ಕರೂ ಸಾಕು, ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಕು. ಅದು ಉಬ್ಬಿ, ಮೇಲಿನ ಕಾಂಕ್ರೀಟನ್ನು ಒಡೆದು ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ಒಡೆದಲ್ಲಿ ಮಳೆ ನೀರು ನುಗ್ಗುತ್ತದೆ. ತುಕ್ಕು ಕಂಬಿಯನ್ನು ಇನ್ನಷ್ಟು ತಿನ್ನುತ್ತದೆ.

1950, 60ರ ದಶಕಗಳಲ್ಲಿ ಸಿಮೆಂಟಿಗೂ ಉಕ್ಕಿಗೂ ಕೊರತೆ. ಕಾಂಕ್ರೀಟನ್ನು ಕಲಸುತ್ತಿದ್ದದ್ದು ಹೆಚ್ಚಾಗಿ ಕೆಲಸದ ಜಾಗದಲ್ಲೇ, ಬಾಂಡಲಿಗಳಲ್ಲಿ ಹೊತ್ತು ಹಾಕುತ್ತಿದ್ದರು. ಸುಲಭವಾಗಿ ಸುರಿಯಲಿ ಎಂದು ನೀರು ಹೆಚ್ಚಾದರೆ ಕಾಂಕ್ರೀಟು ಸಚ್ಛಿದ್ರವಾಗುತ್ತದೆ. ಕಂಬಿಯ ಮೇಲಿನ ಹೊದಿಕೆ ಒಂದು ಅಂಗುಲ, ತೆಳುವಾದ ಹಲಗೆಗಳಲ್ಲಿ ಅದಕ್ಕೂ ಕಡಿಮೆ. ಬಿಸಿಲು ತಡೆಯುವ ಆ ಹಲಗೆಗಳಿಗೆ ನಾಲ್ಕೂ ಕಡೆಯಿಂದ ಗಾಳಿ ಮಳೆ ಬಡಿಯುತ್ತದೆ. ಮೇಲೆ ಗಾರೆಯ ಹೊದಿಕೆಯೂ ಇಲ್ಲ. ಕಟ್ಟಡದ ಚೆಲುವು ಯಾವುದರಲ್ಲಿದೆಯೋ ಅದೇ ಅದರ ದುರ್ಬಲ ಜಾಗವೂ ಆಗಿದೆ.

ಇಟ್ಟಿಗೆಗೂ ಇದೇ ಕಷ್ಟ. ಐಐಎಂ ಕಟ್ಟಡಗಳ ಇಟ್ಟಿಗೆಗೆ ಗಾರೆಯ ರಕ್ಷಣೆ ಇಲ್ಲ. ಗೋಡೆಗಳೊಳಗೆ ಅಲ್ಲಲ್ಲಿ ಕಂಬಿಗಳನ್ನು ಸೇರಿಸಿದ್ದಾರೆ. ಅವು ತುಕ್ಕು ಹಿಡಿದಾಗ ಇಟ್ಟಿಗೆಯ ಸಾಲುಗಳೇ ಬಿರಿಯುತ್ತವೆ. ಇಟ್ಟಿಗೆ ಎಲ್ಲ ಕಡೆಯೂ ಒಂದೇ ಗುಣಮಟ್ಟದ್ದಾಗಿರಲಿಲ್ಲ. ತೇವ ಹೀರಿ, ಲವಣ ಹೊರಬಂದು, ಮೇಲ್ಮೈ ಪುಡಿಯಾಗುತ್ತದೆ. ಇದರ ಮೇಲೆ 2001ರ ಜನವರಿ 26ರ ಭೂಕಂಪ. ಕಚ್ಛದಲ್ಲಿ ಹುಟ್ಟಿದ ಆ ಕಂಪನ ಅಹಮದಾಬಾದನ್ನೂ ನಡುಗಿಸಿತು. ರಿಲೀಫ್ ರಸ್ತೆಯಲ್ಲಿ ಕ್ಯಾಲಿಕೊ ಗಿರಣಿಯ ಬಟ್ಟೆ ಅಂಗಡಿಗೆ ಗೌತಮ್ ಮತ್ತು ಗೀರಾ ಸಾರಾಭಾಯಿ ಅರವತ್ತರ ದಶಕದಲ್ಲಿ ಕಟ್ಟಿದ್ದ ಗುಮ್ಮಟ ಕುಸಿಯಿತು. ಆಮೇಲಿನ ಮಳೆ ಒಳಭಾಗವನ್ನೂ ಹಾಳುಮಾಡಿತು. ಐಐಎಂನ ಕಟ್ಟಡಗಳಲ್ಲೂ ಬಿರುಕುಗಳು ಬಿಟ್ಟವು.

ಹಾಗಾದರೆ ವಸತಿ ನಿಲಯ ಸೋರುತ್ತದೆ, ತಲೆಯ ಮೇಲೆ ಚಕ್ಕೆ ಬೀಳುತ್ತದೆ ಎಂದು ಹೇಳುವವರ ಮಾತಿನಲ್ಲಿ ಸುಳ್ಳಿಲ್ಲ. ಅಲ್ಲಿ ಮಲಗುವವರು ವಿದ್ಯಾರ್ಥಿಗಳು, ಹೊಗಳುವವರು ದೂರದವರು. ಆದರೆ ಇನ್ನೊಂದು ಮಾತನ್ನೂ ಸೇರಿಸಬೇಕು. ಹೆಚ್ಚಿನ ಕಡೆ ಮೊದಲು ಕೆಟ್ಟದ್ದು ತಾರಸಿಯ ನೀರು ಹೋಗುವ ಕೊಳವೆ. ಅದನ್ನು ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ಬಿಡಿಸಿದ್ದರೆ ಕಂಬಿಯವರೆಗೆ ನೀರು ಇಳಿಯಲು ಎಷ್ಟೋ ಕಾಲ ಹಿಡಿಯುತ್ತಿತ್ತು. ದಶಕಗಟ್ಟಲೆ ದುರಸ್ತಿ ಮಾಡದೆ ಬಿಟ್ಟು, ಆಮೇಲೆ ವಿನ್ಯಾಸವೇ ಸರಿಯಿಲ್ಲ ಎನ್ನುವುದು ಪೂರ್ತಿ ಪ್ರಾಮಾಣಿಕವಾದ ಮಾತಲ್ಲ.

ವಯಸ್ಸು ಒಂದು, ವಸ್ತು ಎರಡು. ಮೂರನೆಯ ಅಪಾಯ ಬಳಕೆಯದು. ಇದನ್ನು ಬೇಗ ಮುಗಿಸಬಹುದು. ಎಂಬತ್ತರ ದಶಕದಿಂದ ಅಹಮದಾಬಾದಿನ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕಟ್ಟಿಸಿದವರ ವ್ಯಾಪಾರವೇ ಹೋಯಿತು, ಕಟ್ಟಡ ಉಳಿಯಿತು. ಆದರೂ ಗಿರಣಿ ಮಾಲೀಕರ ಸಂಘ ತನ್ನ ಕಟ್ಟಡವನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡಿದೆ ಎಂಬುದು ಗಮನಿಸತಕ್ಕದ್ದು. ಲೆ ಕಾರ್ಬೂಸಿಯೆ ಕಟ್ಟಿದ ಎರಡು ಮನೆಗಳಲ್ಲೊಂದಾದ ಸಾರಾಭಾಯಿ ಮನೆಯಲ್ಲಿ ಜನ ವಾಸವಿದ್ದರು, ಆದ್ದರಿಂದ ಅದು ಉಳಿದಿದೆ. ದೋಶಿಯವರು ಕಟ್ಟಿದ ವಾಸ್ತುಶಿಲ್ಪ ಶಾಲೆಯಲ್ಲಿ ಇಂದಿಗೂ ಪಾಠ ನಡೆಯುತ್ತಿದೆ. ಬಳಕೆ ನಿಂತ ಕಡೆ ಪರಿಸ್ಥಿತಿ ಬೇರೆ. ಭದ್ರ ಕೋಟೆಯ ಎದುರಿನ ಪ್ರೇಮಾಭಾಯಿ ಸಭಾಂಗಣ, ಇದೂ ದೋಶಿಯವರದೇ, ದಶಕಗಳ ಕಾಲ ಬೀಗ ಹಾಕಿಕೊಂಡು ನಿಂತಿತು. ಅದನ್ನು ಕೆಡವಿ ಚೌಕ ಮಾಡಬೇಕೆಂಬ ಮಾತು ಮತ್ತೆ ಮತ್ತೆ ಬಂತು. ಸಂಸ್ಕಾರ ಕೇಂದ್ರದಲ್ಲಿ ಗಾಳಿಪಟಗಳ ಸಂಗ್ರಹವಿತ್ತು, ಊರಿನ ಇತಿಹಾಸದ ಪ್ರದರ್ಶನವಿತ್ತು. ಆದರೂ ಕಟ್ಟಡ ವರ್ಷ ವರ್ಷವೂ ಸೊರಗಿತು. ಆಶ್ರಮ ರಸ್ತೆ, ಪಾಲ್ಡಿ, ನವರಂಗಪುರ ಎಲ್ಲ ಕಡೆ ನೆಲದ ಬೆಲೆ ಏರಿದೆ. ಎರಡು ಮೂರು ಮಹಡಿಯ ಕಟ್ಟಡ ನಿಂತಿರುವ ಜಾಗದಲ್ಲಿ ಇಪ್ಪತ್ತು ಮಹಡಿ ಎಬ್ಬಿಸಬಹುದು ಎಂಬ ಲೆಕ್ಕ ಯಾರ ತಲೆಗಾದರೂ ಬರುತ್ತದೆ.

ಈ ಮೂರೂ ಅಪಾಯಗಳು ಒಂದೇ ಜಾಗದಲ್ಲಿ ಕೂಡಿದ್ದು ಐಐಎಂನಲ್ಲಿ. ಉಳಿಸುವ ಕೆಲಸದ ಗೆಲುವೂ ಸೋಲೂ ಅಲ್ಲೇ ಕಾಣುತ್ತವೆ. ಆದ್ದರಿಂದ ಆ ಪ್ರಸಂಗವನ್ನು ಕ್ರಮವಾಗಿ ಹೇಳುವುದು ಒಳ್ಳೆಯದು.

2014ರ ಹೊತ್ತಿಗೆ ಸಂಸ್ಥೆಯೇ ಮುಂದಾಗಿ ಕಾನ್ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಮುಂಬಯಿಯ ಬೃಂದಾ ಸೋಮಯ ಅವರ ಸಂಸ್ಥೆಯನ್ನು ಆರಿಸಿತು. ಮೊದಲು ಕೈಗೆತ್ತಿಕೊಂಡದ್ದು ವಿಕ್ರಮ್ ಸಾರಾಭಾಯಿ ಗ್ರಂಥಾಲಯ. ಗೋಡೆಗಳನ್ನು ಇಟ್ಟಿಗೆ ಇಟ್ಟಿಗೆಯಾಗಿ ಪರೀಕ್ಷಿಸಿದರು. ಹಾಳಾದವನ್ನು ತೆಗೆದು ಅದೇ ಅಳತೆ, ಅದೇ ಬಣ್ಣದ ಗಟ್ಟಿ ಇಟ್ಟಿಗೆ ಕೂಡಿಸಿದರು. ತುಕ್ಕು ಹಿಡಿದ ಕಂಬಿಗಳಿಗೆ ಚಿಕಿತ್ಸೆಯಾಯಿತು. ಸೋರುವುದು ನಿಂತಿತು. ಬೆಳಕು, ತಂಪು, ವಿದ್ಯುತ್ ತಂತಿಗಳು ಹೊಸದಾದವು. ಗ್ರಂಥಾಲಯ ಗ್ರಂಥಾಲಯವಾಗಿಯೇ ಉಳಿಯಿತು. 2019ರಲ್ಲಿ ಈ ಕೆಲಸಕ್ಕೆ ಯುನೆಸ್ಕೊದ ಏಷ್ಯಾ ಪೆಸಿಫಿಕ್ ಪರಂಪರೆ ಪ್ರಶಸ್ತಿ ಬಂತು. ಮಾದರಿಗೆಂದು ಒಂದು ವಸತಿ ನಿಲಯವನ್ನೂ ಹೀಗೆ ಸರಿಪಡಿಸಲಾಯಿತು.

ಮರುವರ್ಷದ ಡಿಸೆಂಬರಿನಲ್ಲಿ ಸುದ್ದಿ ಬದಲಾಯಿತು. 18ರಲ್ಲಿ 14 ವಸತಿ ನಿಲಯಗಳನ್ನು ಕೆಡವಿ ಹೊಸದಾಗಿ ಕಟ್ಟಲು ಸಂಸ್ಥೆ ವಾಸ್ತುಶಿಲ್ಪಿಗಳಿಂದ ಪ್ರಸ್ತಾವ ಕರೆಯಿತು. ಸೋರಿಕೆ, ಬಿರುಕು, ಭೂಕಂಪದ ಭಯ, ವಾಸಕ್ಕೆ ಅಪಾಯ ಎಂಬ ಕಾರಣಗಳನ್ನು ಕೊಟ್ಟಿತು. ದೇಶದೊಳಗಿನಿಂದಲೂ ಹೊರಗಿನಿಂದಲೂ ಪ್ರತಿಭಟನೆಯ ಪತ್ರಗಳು ಬಂದವು. ಕಾನ್ ಅವರ ಮಕ್ಕಳೂ ಬರೆದರು. 2021ರ ಹೊಸ ವರ್ಷದ ದಿನ ಸಂಸ್ಥೆ ಆ ಪ್ರಸ್ತಾವ ಹಿಂದೆಗೆದುಕೊಂಡಿತು. ಹಲವರು ಅದನ್ನೇ ಗೆಲುವೆಂದು ತಿಳಿದರು. ಅದು ಅವಸರದ ತೀರ್ಮಾನ. ಚಾವಣಿ ಸೋರುವುದು ಪತ್ರಗಳಿಂದ ನಿಲ್ಲಲಿಲ್ಲ. 2022ರ ನವೆಂಬರಿನಲ್ಲಿ ಸಂಸ್ಥೆ ಜೀರ್ಣೋದ್ಧಾರದ ದಾರಿ ಬಿಟ್ಟು, ಹಲವು ಕಟ್ಟಡಗಳನ್ನು ಹೊಸದಾಗಿ ಕಟ್ಟುವುದಾಗಿ ಪ್ರಕಟಿಸಿತು.

ಇಲ್ಲಿ ಒಂದು ಅಂಶ ಸ್ಪಷ್ಟವಾಗಿದೆ. ಒಂದೇ ವಾಸ್ತುಶಿಲ್ಪಿ, ಒಂದೇ ಆವರಣ, ಅದೇ ಇಟ್ಟಿಗೆ. ಗ್ರಂಥಾಲಯ ಒಂದೇ ಕಟ್ಟಡ. ಅದಕ್ಕೆ ಹಣ, ಸಮಯ, ಕುಶಲಿಗಳು ಸಿಕ್ಕರು. ವಸತಿ ನಿಲಯಗಳು ಹಲವು, ಖರ್ಚು ಹಲವು ಪಟ್ಟು. ಕೆಲಸ ಮುಗಿಯುವವರೆಗೆ ವಿದ್ಯಾರ್ಥಿಗಳನ್ನು ಬೇರೆಡೆ ಇಡಬೇಕು. ಪ್ರತಿಭಟಿಸಿದವರಲ್ಲಿ ಈ ಲೆಕ್ಕಕ್ಕೆ ಉತ್ತರ ಇಟ್ಟವರು ಕಡಿಮೆ. ಕಟ್ಟಡ ಉಳಿಸಲು ಮೆಚ್ಚುಗೆ ಸಾಲದು, ದುರಸ್ತಿಯ ಯೋಜನೆಯೂ ಅದರ ಹಣವೂ ಜೊತೆಗೆ ಬರಬೇಕು.

ಐಐಎಂನ ಕಥೆ ಇಷ್ಟು. ಇನ್ನು ಉಳಿಸುವ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಎಂಬುದು. ಇದರಲ್ಲಿ ಗುಟ್ಟೇನೂ ಇಲ್ಲ. ತಾಳ್ಮೆ ಬೇಕು.

ಮೊದಲು ಪರೀಕ್ಷೆ. ಸಣ್ಣ ಸುತ್ತಿಗೆಯಿಂದ ಕಾಂಕ್ರೀಟನ್ನು ತಟ್ಟುತ್ತ ಹೋಗುತ್ತಾರೆ. ಗಟ್ಟಿಯಾಗಿದ್ದಲ್ಲಿ ಖಣಿಲ್ ಎನ್ನುತ್ತದೆ. ಒಳಗೆ ಕಂಬಿ ಉಬ್ಬಿ ಪದರ ಬಿಟ್ಟಿದ್ದಲ್ಲಿ ಡೊಬ್ ಡೊಬ್ ಎಂಬ ಟೊಳ್ಳು ಸದ್ದು. ಕಣ್ಣಿಗೆ ಏನೂ ಕಾಣದ ಕಡೆಯಲ್ಲೂ ಕಿವಿಗೆ ಗೊತ್ತಾಗುತ್ತದೆ. ಆಮೇಲೆ ಒಂದು ಚೂರು ಒಡೆದು, ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ತಲೀನ್ ಎಂಬ ದ್ರಾವಣ ಸಿಂಪಡಿಸುತ್ತಾರೆ. ಕ್ಷಾರಗುಣ ಉಳಿದ ಕಡೆ ಅದು ಗಾಢ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹೋದ ಕಡೆ ಬಣ್ಣ ಬರುವುದಿಲ್ಲ. ಆ ಗೆರೆಯನ್ನು ಅಳೆದರೆ ಅಪಾಯ ಕಂಬಿಗೆ ಎಷ್ಟು ಹತ್ತಿರ ಬಂದಿದೆ ಎಂದು ತಿಳಿಯುತ್ತದೆ.

ಆಮೇಲೆ ದುರಸ್ತಿ. ಕೆಟ್ಟ ಕಾಂಕ್ರೀಟನ್ನು ಕಂಬಿಯ ಹಿಂಭಾಗದವರೆಗೂ ಕೆತ್ತಿ ತೆಗೆಯಬೇಕು. ಮೇಲೆ ಮೇಲೆ ಸಿಮೆಂಟು ಮೆತ್ತಿದರೆ ಎರಡು ಮಳೆಗಾಲ ನಿಲ್ಲುವುದಿಲ್ಲ. ಕಂಬಿಯ ತುಕ್ಕು ಉಜ್ಜಿ, ರಕ್ಷಣೆಯ ಲೇಪ ಹಚ್ಚಿ, ಹೊಸ ಗಾರೆ ತುಂಬಬೇಕು. ಇಲ್ಲಿಂದ ಕುಶಲತೆಯ ಕೆಲಸ ಶುರು. ಹಳೆಯ ಕಾಂಕ್ರೀಟಿನ ಮರಳು, ಜಲ್ಲಿ, ಬಣ್ಣ ಹೊಂದಬೇಕು. ಅಂದಿನ ಸೆಂಟ್ರಿಂಗ್ ಮರದ ಹಲಗೆಗಳದು. ಮರದ ಗೆರೆ, ಗಂಟು, ಎರಡು ಹಲಗೆಗಳ ನಡುವಿನ ಸಂದು ಕಾಂಕ್ರೀಟಿನ ಮೇಲೆ ಅಚ್ಚಾಗಿವೆ. ತೇಪೆ ಹಾಕಿದಲ್ಲೂ ಅದೇ ಗೆರೆ ಮೂಡಬೇಕು. ದೇವಸ್ಥಾನದ ಕಲ್ಲು ಕೆಲಸಕ್ಕೆ, ಸುಣ್ಣದ ಗಾರೆಗೆ ತಲೆಮಾರುಗಳಿಂದ ಬಂದ ಕುಶಲಿಗಳು ಇನ್ನೂ ಇದ್ದಾರೆ. ಹಳೆಯ ಕಾಂಕ್ರೀಟನ್ನು ಕಾಣದಂತೆ ಸರಿಪಡಿಸುವ ಮೇಸ್ತ್ರಿಗಳು ತೀರ ವಿರಳ. ಹಾಗಾಗಿ ಹಲವು ಕಡೆ ಸುಲಭದ ದಾರಿ ಹಿಡಿಯುತ್ತಾರೆ. ಮೈಯೆಲ್ಲ ಬಣ್ಣ ಬಳಿದುಬಿಡುತ್ತಾರೆ. ಬಳಿದದ್ದನ್ನು ಮತ್ತೆ ತೆಗೆಯುವುದು ಬಳಿಯುವುದಕ್ಕಿಂತ ಎಷ್ಟೋ ಕಷ್ಟ. ಕಂಬಗಳ ನಡುವಿನ ಖಾಲಿ ಜಾಗಕ್ಕೆ ಗೋಡೆ ಕಟ್ಟಿ ಕೋಣೆ ಮಾಡುವುದು, ಬಿಸಿಲು ತಡೆಯುವ ಹಲಗೆಗಳಿಗೆ ಹವಾನಿಯಂತ್ರಕದ ಪೆಟ್ಟಿಗೆ ತೂಗುಹಾಕುವುದು ಇದೇ ಜಾತಿಯ ಅಪಚಾರಗಳು.

ಹಣದ ಮಾತು ಉಳಿಯಿತು. ಖಾಸಗಿ ಮಾಲೀಕರಿಗೆ ಒಂದು ಉಪಾಯವಿದೆ. ಅಭಿವೃದ್ಧಿ ಹಕ್ಕಿನ ವರ್ಗಾವಣೆ, ಅಂದರೆ ಟಿಡಿಆರ್. ತನ್ನ ಜಾಗದಲ್ಲಿ ಎತ್ತರಕ್ಕೆ ಕಟ್ಟದೆ ಹಳೆಯದನ್ನು ಉಳಿಸಿಕೊಂಡ ಮಾಲೀಕ, ಆ ಕಟ್ಟದ ಮಹಡಿಗಳ ಹಕ್ಕನ್ನು ಊರಿನ ಬೇರೆ ಭಾಗದಲ್ಲಿ ಕಟ್ಟುವವರಿಗೆ ಮಾರಬಹುದು. ಬಂದ ಹಣದಿಂದ ದುರಸ್ತಿ ಮಾಡಿಸಬಹುದು. ಅಹಮದಾಬಾದಿನ ಕೋಟೆಯೊಳಗಿನ ಪರಂಪರೆ ಮನೆಗಳಿಗೆ ಈ ಸೌಲಭ್ಯವಿದೆ. ಆದರೆ ಅದು ಸಿಗಲು ಕಟ್ಟಡ ಮೊದಲು ಪಟ್ಟಿಯಲ್ಲಿರಬೇಕು. ಮಾತು ಮತ್ತೆ ವಯಸ್ಸಿನ ತೊಡಕಿಗೇ ಬಂದು ನಿಲ್ಲುತ್ತದೆ. 1988ರಲ್ಲಿ ಹುಟ್ಟಿದ ಡೊಕೊಮೊಮೊ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಆಧುನಿಕ ಕಟ್ಟಡಗಳಿಗಾಗಿಯೇ ಇದೆ. ಭಾರತದಲ್ಲೂ ಅದರ ಶಾಖೆಯಿದೆ. ಕಟ್ಟಡದ ಬೆಲೆಯನ್ನು ವರ್ಷಗಳಿಂದ ಅಳೆಯದೆ ವಿನ್ಯಾಸದ ಗುಣ, ಎಂಜಿನಿಯರಿಂಗಿನ ಹೊಸತನ, ಊರಿನ ಬಾಳಿನಲ್ಲಿ ಅದು ಪಡೆದ ಸ್ಥಾನ, ಇವುಗಳಿಂದ ಅಳೆಯಬೇಕೆಂಬುದು ಇಂಥ ಸಂಸ್ಥೆಗಳ ವಾದ. ವಾದ ಸರಿಯಾಗಿದೆ. ಆದರೆ ಎಲ್ಲವನ್ನೂ ಉಳಿಸಲಾಗದು ಎಂಬುದನ್ನೂ ಒಪ್ಪಬೇಕಾಗುತ್ತದೆ. ಆ ಕಾಲದ ಸಾಧಾರಣ ಕಚೇರಿಗಳು, ವಸತಿಗೃಹಗಳು ನೂರಾರಿವೆ. ಎಲ್ಲಕ್ಕೂ ಒಂದೇ ಹಟ ಹಿಡಿದರೆ ಮುಖ್ಯವಾದವಕ್ಕೂ ಬೆಂಬಲ ಸಿಗುವುದಿಲ್ಲ.

ಸಾರ್ವಜನಿಕ ಕಟ್ಟಡಗಳಿಗೆ ಟಿಡಿಆರ್ ಹೆಚ್ಚು ಉಪಯೋಗವಿಲ್ಲ. ಅಲ್ಲಿ ಬೇಕಾದದ್ದು ಪಾಲಿಕೆಯ ಬಜೆಟ್ಟಿನಲ್ಲಿ ಒಂದು ಸಾಲು ಮತ್ತು ವರ್ಷವಿಡೀ ನಡೆಯುವ ಕಾರ್ಯಕ್ರಮ. ಪಾಲಿಕೆಗೆ ಸೇರಿದ ನವರಂಗಪುರದ ಕ್ರೀಡಾಂಗಣವನ್ನು ನ್ಯೂಯಾರ್ಕಿನ ವಿಶ್ವ ಸ್ಮಾರಕ ನಿಧಿ 2020ರ ತನ್ನ ಎಚ್ಚರಿಕೆಯ ಪಟ್ಟಿಗೆ ಸೇರಿಸಿತು. ನೆರಿಗೆ ಚಾವಣಿಯ ಕಾಂಕ್ರೀಟು ಸವೆದಿರುವುದೂ, ದೊಡ್ಡ ಪಂದ್ಯಗಳು ಮೊಟೇರಾಕ್ಕೆ ಹೋದದ್ದೂ ಅದರ ಕಷ್ಟಕ್ಕೆ ಕಾರಣಗಳು. ಸ್ಥಳೀಯ ಆಟಗಳಿಗೆ, ಊರಿನ ಸಮಾರಂಭಗಳಿಗೆ ಅದು ಇನ್ನೂ ಬೇಕಾಗಿದೆ.

ಕಡೆಯದಾಗಿ ದಾಖಲೆಯ ಕೆಲಸ. ಕಟ್ಟಡ ಉಳಿದರೂ ಉಳಿಯದಿದ್ದರೂ ಇದು ಆಗಲೇಬೇಕು. ಮೂಲ ನಕ್ಷೆಗಳು, ಎಂಜಿನಿಯರರ ಲೆಕ್ಕದ ಹಾಳೆಗಳು, ಕೆಲಸ ನಡೆಯುವಾಗ ತೆಗೆದ ಫೋಟೊಗಳು, ಅಂದು ಕೆಲಸ ಮಾಡಿದ ಮೇಸ್ತ್ರಿಗಳ ನೆನಪುಗಳು. ನಕ್ಷೆಯಿದ್ದರೆ ಕಂಬಿ ಎಲ್ಲಿದೆ, ಎಷ್ಟು ದಪ್ಪವಿದೆ ಎಂದು ಗೋಡೆ ಒಡೆಯದೆ ಗೊತ್ತಾಗುತ್ತದೆ. ಆ ಕಾಲದ ಹಾಳೆಗಳು ಅನೇಕ ಕಚೇರಿಗಳಲ್ಲಿ ಸುರುಳಿಗಳಾಗಿ ಧೂಳು ಹಿಡಿಯುತ್ತಿವೆ. ಅವನ್ನು ಕಂಪ್ಯೂಟರಿಗೆ ಏರಿಸುವ ಖರ್ಚು ಒಂದು ಚಾವಣಿ ದುರಸ್ತಿಯ ಖರ್ಚಿನ ಚೂರುಪಾಲೂ ಆಗದು. ದುರಸ್ತಿಗೆ ಹಣ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳಲ್ಲಿ ಇದು ಒಂದು. ಇನ್ನೊಂದು, ಮಳೆಗಾಲದ ಮುಂಚೆ ತಾರಸಿಯ ಕೊಳವೆ ಬಿಡಿಸುವುದು.